ದಾಸವಾಳದ ನಿಮಿತ್ತ ಅಗ್ನಿಪ್ರಾಕಾರಭೇದನ

ಎಲೈ ಮಿಣುಕುವ ಹಸಿರು ದೀಪವೇ, ಗೋಡೆಯ ಮೊಳೆಗೆ ನೇತುಬಿದ್ದ ಕಪ್ಪು ಪೆಟ್ಟಿಗೆಯಲ್ಲಿ ಹಗಲಿರುಳೂ ರೆಪ್ಪೆ ಮುಚ್ಚದೆ ಕುಳಿತ ದೇವತೆಯೇ, ನೀನು ಕೆಂಪಾದರೆ ಮನೆಮಂದಿಯ ಮುಖ ಬಾಡುತ್ತದೆ, ನೀನು ಹಸಿರಾದರೆ ಜಗತ್ತು ಮರಳಿ ನಡೆಯುತ್ತದೆ. ನನ್ನ ನಾಲಗೆಗೂ ಒಂದಿಷ್ಟು ವೇಗವನ್ನು ದಯಪಾಲಿಸು. ಕೃತ, ತ್ರೇತಾ, ದ್ವಾಪರಗಳು ಸಂದು, ಕಲಿಯುಗವೂ ಸಾಕಷ್ಟು ಹಳತಾಗಿ, ಬಾಗಿಲಿಗೆ ಬಂದವರು ಯಾರೆಂದು ತಿಳಿಯಲು ಮನುಷ್ಯರು ಬಾಗಿಲು ತೆರೆಯುವ ಬದಲು ಫೋನು ತೆರೆಯುತ್ತಿದ್ದ ಕಾಲದಲ್ಲಿ, ಮೈಸೂರಿನ ತೆಂಕಣ ಅಂಚಿನ ವಿವೇಕಾಭ್ಯುದಯ ಬಡಾವಣೆಯಲ್ಲಿ, ನಿವಾಸಿಗಳ ಸಂಘದ ಕಾರ್ಯದರ್ಶಿಯೂ, ದೂರವಾಣಿ ಇಲಾಖೆಯ ನಿವೃತ್ತ ಎಂಜಿನಿಯರನೂ, ಮಧುಮೇಹವೆಂಬ ಮಹಾವೈರಿಯನ್ನು ಪ್ರಾತರ್ನಡಿಗೆಯಿಂದಲೇ ಹಿಮ್ಮೆಟ್ಟಿಸಿದವನೂ, ಉಣ್ಣೆಯ ಟೊಪ್ಪಿಗೆಯೆಂಬ ಕಿರೀಟವನ್ನು ಕಡುಬೇಸಿಗೆಯಲ್ಲೂ ಇಳಿಸದವನೂ ಆದ ಚಿದಂಬರಯ್ಯನೆಂಬ ವೀರನಿದ್ದನು. ಅವನ ಗಾಥೆಯನ್ನು ಹೇಳುತ್ತೇನೆ. ಕೇಳುವವರು ಸ್ವಲ್ಪ ಹೊತ್ತು ಮೊಬೈಲನ್ನು ಮಗುಚಿ ಇಡಿ.

ನಿವೃತ್ತಿಯೆಂಬುದು ವೀರರ ಪಾಲಿಗೆ ದೊಡ್ಡ ವನವಾಸ. ದೂರವಾಣಿ ವಿನಿಮಯ ಕೇಂದ್ರದಲ್ಲಿ ಅವನು ಕೆಮ್ಮಿದರೆ ನಾಲ್ಕು ಮಂದಿ ಎದ್ದು ನಿಲ್ಲುತ್ತಿದ್ದರು; ಈಗ ಕೆಮ್ಮಿದರೆ ಹೆಂಡತಿ ಪಂಕಜಮ್ಮ ಕಷಾಯ ತಂದಿಡುತ್ತಿದ್ದಳು. ಆಳಲು ಬೇರೆ ರಾಜ್ಯವಿಲ್ಲದೆ ಅವನು ಅಡುಗೆಮನೆಯ ಮೇಲೆ ದಂಡೆತ್ತಿ ಹೋಗಿ, ಡಬ್ಬಗಳ ಮುಚ್ಚಳ ತೆಗೆತೆಗೆದು ನೋಡಿ, ತೊಗರಿಬೇಳೆಯ ಪಕ್ಕದಲ್ಲಿ ಕಡಲೆಬೇಳೆಯನ್ನಿಡುವುದು ಸಮಂಜಸವಲ್ಲವೆಂದು ಉಪದೇಶಿಸುತ್ತಿದ್ದನು. ಸಂಘದ ಕಾರ್ಯದರ್ಶಿ ಪದವಿಯೊಂದೇ ಅವನಿಗೆ ಉಳಿದ ಸಿಂಹಾಸನ. ಅಲ್ಲಿಯೂ ಅವನು ಮಾತಿಗೆ ಎದ್ದೊಡನೆ ಜನ ಚಪ್ಪಲಿ ಹುಡುಕತೊಡಗುತ್ತಿದ್ದರು. ತನ್ನ ಮಾತನ್ನು ಯಾರಾದರೂ ಒಮ್ಮೆ ಪೂರ್ತಿಯಾಗಿ ಕೇಳಬೇಕು ಎಂಬುದೊಂದೇ ಅವನ ಆಸೆಯಾಗಿತ್ತು. ನಗಬೇಡಿ, ಆ ಆಸೆ ಅವನನ್ನು ನಿಜವಾಗಿಯೂ ನೋಯಿಸುತ್ತಿತ್ತು.

ಹೀಗಿರಲು ವಿಧಿ ಅವನ ಮನೆಯ ಗೇಟಿನ ಬಳಿ ಕೆಂಪು ದಾಸವಾಳದ ರೂಪದಲ್ಲಿ ಅರಳಿತು. ಸಂಜೆ ಗಿಡದ ತುಂಬ ಬಿರಿಯಲು ಸಿದ್ಧವಾಗಿ ನಿಂತ ಮೊಗ್ಗುಗಳು, ಬೆಳಿಗ್ಗೆ ಅವನು ಪಾರ್ಕಿನಿಂದ ಮರಳುವ ವೇಳೆಗೆ ಬರೀ ತೊಟ್ಟುಗಳಾಗಿ ಉಳಿದಿರುತ್ತಿದ್ದವು. ಇದು ಎಷ್ಟು ವರ್ಷಗಳಿಂದ ನಡೆದಿತ್ತೋ, ಅವನು ಗಮನಿಸಿದ್ದು ಮಾತ್ರ ಆಗಲೇ. ಗಮನಿಸಿದ ಕ್ಷಣವೇ ಅವನ ಮೀಸೆ ನಿಮಿರಿತು. ಮರುದಿನ ಮುಂಜಾನೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಿಂತು, ಕೈ ಬೀಸುತ್ತ ನಡೆಯುತ್ತಿದ್ದ ಹಿರಿಯರನ್ನೆಲ್ಲ ತಡೆದು ನಿಲ್ಲಿಸಿ, ಅವನು ಗರ್ಜಿಸಿದನು:

“ಎಲೈ ಪ್ರಾತಃಸಂಚಾರಿಗಳಿರಾ! ಪರರ ಬೆವರಿನ ಫಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಹೋಗುವ ಪುಷ್ಪಚೋರನೊಬ್ಬ ನಮ್ಮ ನಡುವೆಯೇ ಇದ್ದಾನೆ! ಅವನ ಕೃತ್ಯವನ್ನು ಇದೇ ಬೆಂಚಿನಿಂದ ನಿಮ್ಮೆಲ್ಲರ ಕಣ್ಣಿಗೆ ತೋರಿಸುತ್ತೇನೆ. ಅವನು ನನ್ನ ಒಡಹುಟ್ಟಿದವನೇ ಆಗಿರಲಿ, ಸಂಘದ ಸಭೆಯಲ್ಲಿ ಕೈಮುಗಿದು ಕ್ಷಮೆ ಕೇಳಬೇಕು. ಇದನ್ನು ಸಾಧಿಸದಿದ್ದರೆ ಕಾರ್ಯದರ್ಶಿ ಪದವಿಯನ್ನು ತೃಣದಂತೆ ತ್ಯಜಿಸುವೆನು!”

“ಹಿಡೀರಿ ಚಿದಂಬರಯ್ಯನೋರೆ, ಸುಮ್ನೆ ಬಿಡ್ಬಾರ್ದು,” ಎಂದರು ಪಕ್ಕದ ಮನೆಯ ನಿವೃತ್ತ ಹೆಡ್‌ಮಿಸ್ ತುಂಗಮ್ಮ. ಅವರ ಮಾತಿಗೆ ಇತರರೂ ತಲೆಯಾಡಿಸಿದರು. ಯಾರೂ ನಡುವೆ ಎದ್ದು ಹೋಗಲಿಲ್ಲ. ಎಲ್ಲರೂ ನಿಂತೇ ಇದ್ದರು ಎಂಬುದು ಬೇರೆ ಮಾತು.

ಗೇಟಿನ ಹಿಂದೆ ಒಂದು ಲೋಟ ಕಾಫಿ ಹಿಡಿದು ಒಂದು ಮುಂಜಾನೆ ಕುಳಿತಿದ್ದರೆ ಕಳ್ಳ ಯಾರೆಂದು ತಿಳಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಕೇಳಬೇಡಿ. ಹಾಗೆ ಕುಳಿತವರ ಗಾಥೆಯನ್ನು ಯಾರೂ ಹಾಡುವುದಿಲ್ಲ. ಅವನು ಪೇಟೆಗೆ ಹೋಗಿ, ಒಂದೇ ಡಬ್ಬದಲ್ಲಿ ಅವಳಿಗಳಂತೆ ಬರುವ ಎರಡು ಕ್ಯಾಮೆರಾಗಳನ್ನು ತಂದು, ಒಂದನ್ನು ದಾಸವಾಳಕ್ಕೆ ಎದುರಾಗಿ ಗೇಟಿನ ಕಂಬಕ್ಕೂ, ಇನ್ನೊಂದನ್ನು ಏನು ಮಾಡುವುದೆಂದು ತೋಚದೆ ಹಿತ್ತಲಿನ ನೀರಿನ ತೊಟ್ಟಿಯ ಕಂಬಕ್ಕೂ ಬಿಗಿದನು. ಮನೆಯೊಳಗೆ ಎರಡೂ ಚಿತ್ರಗಳು ಫೋನಿನಲ್ಲಿ ನಿಚ್ಚಳವಾಗಿ ಮೂಡಿದವು. ಗೇಟು ದಾಟಿ ಹೊರಗೆ ಕಾಲಿಟ್ಟೊಡನೆ ಪರದೆ ಕಪ್ಪಾಯಿತು.

ಅಲ್ಲಿ ಅಡ್ಡ ನಿಂತಿದ್ದುದೇ ಫೈರ್‌ವಾಲ್ ಎಂಬ ದುರ್ಭೇದ್ಯ ಅಗ್ನಿಪ್ರಾಕಾರ. ಅದರ ಮರ್ಮವನ್ನು ಬಲ್ಲವರು ಹೀಗೆ ಹೇಳುತ್ತಾರೆ: ಮನೆಯೊಳಗಿನ ಪ್ರತಿಯೊಂದು ಫೋನು, ಟಿವಿ, ಕ್ಯಾಮೆರಾಕ್ಕೂ ರೂಟರೆಂಬ ಆ ಕಪ್ಪು ಪೆಟ್ಟಿಗೆ ಒಂದೊಂದು ನಂಬರು ಕೊಟ್ಟಿರುತ್ತದೆ. ಹೊರಗಿನ ಲೋಕಕ್ಕೆ ಆ ನಂಬರುಗಳು ಕಾಣವು. ಅದಕ್ಕೆ ಕಾಣುವುದು ಇಡೀ ಮನೆಗೆ ಒಂದೇ ನಂಬರು. ಹೊರಗಿನಿಂದ ಯಾರೇ ಬಂದು ತಟ್ಟಿದರೂ ಪ್ರಾಕಾರವು ಅವರನ್ನು ಹಾಗೆಯೇ ಹಿಂದಕ್ಕೆ ಅಟ್ಟುತ್ತದೆ. ‘ಇಂಥ ಬಾಗಿಲಿಗೆ ಬಂದವರನ್ನು ಒಳಗಿನ ಇಂಥ ನಂಬರಿನವರ ಬಳಿಗೆ ಕಳಿಸು’ ಎಂದು ಮನೆಯೊಡೆಯನು ಮೊದಲೇ ಅಪ್ಪಣೆ ಕೊಟ್ಟಿದ್ದರೆ ಮಾತ್ರ ದಾರಿ ಬಿಡುತ್ತದೆ. ಆ ಬಾಗಿಲಿಗೆ ಪೋರ್ಟ್ ಎಂದೂ, ಆ ಅಪ್ಪಣೆಗೆ ಪೋರ್ಟ್ ಫಾರ್ವರ್ಡಿಂಗ್ ಎಂದೂ ಹೆಸರು.

ಚಿದಂಬರಯ್ಯನು ಸ್ನಾನಮಾಡಿ, ವಿಭೂತಿ ಧರಿಸಿ, ಲ್ಯಾಪ್‌ಟಾಪೆಂಬ ರಥವನ್ನೇರಿ, ಪೆಟ್ಟಿಗೆಗೆ ಎದುರಾಗಿ ಕುಳಿತು ಅಬ್ಬರಿಸಿದನು. “ಎಲವೋ ಪ್ರಾಕಾರವೇ! ಊರಿಗೆ ಊರನ್ನೇ ತಂತಿಯಿಂದ ಬೆಸೆದ ಕೈಗಳಿವು! ಮಳೆಗಾಲದಲ್ಲಿ ಸತ್ತುಬಿದ್ದ ಟೆಲಿಫೋನುಗಳಿಗೆ ಪ್ರಾಣದಾನ ಮಾಡಿದ ಬೆರಳುಗಳಿವು! ನೀನಾಗಿ ಬಾಗಿಲು ತೆರೆಯುವೆಯೋ, ನಾನೇ ಭೇದಿಸಲೋ?”

“ಯಾರ್ ಹತ್ರ ರೀ ಮಾತಾಡ್ತಿದೀರ?” ಎಂದು ಒಳಗಿನಿಂದ ಪಂಕಜಮ್ಮ ಕೇಳಿದಳು.

“ಫೈರ್‌ವಾಲ್ ಹತ್ರ.”

“ಸರಿ. ಕಾಫಿ ಆರ್ತಿದೆ.”

ಪ್ರಾಕಾರವು ಮೊದಲ ಏಟಿಗೇ ಅವನನ್ನು ಕೆಡವಿತು. ಅದು ಪಾಸ್‌ವರ್ಡ್ ಕೇಳಿತು. ತನಗೆ ತಿಳಿದ ಸಕಲ ದೇವತೆಗಳ ನಾಮಗಳನ್ನೂ, ಮಗಳ ಹುಟ್ಟಿದ ದಿನವನ್ನೂ, ಹಳೆಯ ಸ್ಕೂಟರಿನ ನಂಬರನ್ನೂ ಅವನು ಅಸ್ತ್ರಗಳಾಗಿ ಪ್ರಯೋಗಿಸಿದನು. ಕೊನೆಗೆ ಪೆಟ್ಟಿಗೆಯನ್ನು ಮಗುಚಿದಾಗ ಅದರ ತಳದಲ್ಲೇ ಪಾಸ್‌ವರ್ಡ್ ಅಚ್ಚಾಗಿತ್ತು. ಒಳಹೊಕ್ಕು, ಗೇಟಿನ ಕ್ಯಾಮೆರಾದ ನಂಬರನ್ನು ಹುಡುಕಿ, ಬಾಗಿಲಿನ ನಂಬರನ್ನು ಅದಕ್ಕೆ ಹೊಂದಿಸಿ, ವಿಜಯಘೋಷ ಮಾಡಿ, ‘ಸೇವ್’ ಎಂಬ ಗುಂಡಿಯನ್ನು ಒತ್ತದೆ ಊಟಕ್ಕೆ ಎದ್ದನು. ಮರಳಿ ಬಂದು ನೋಡಿದರೆ ಬರೆದದ್ದೆಲ್ಲ ಅಳಿಸಿಹೋಗಿತ್ತು. ಮತ್ತೆ ಬರೆದು, ಈ ಸಲ ಗುಂಡಿಯನ್ನೂ ಒತ್ತಿ, ಹೊರಗೆ ಹೋಗಿ ನೋಡಿದರೆ ಪರದೆ ಹಾಗೆಯೇ ಕಪ್ಪಗಿತ್ತು. ಬೆಳಿಗ್ಗೆ ಹೂಡಿದ ಯುದ್ಧ ಸಂಜೆಯಾದರೂ ಮುಗಿಯದೆ, ಮರುದಿನವೂ ಅದರ ಮರುದಿನವೂ ಹೀಗೆಯೇ ಕಳೆಯಿತು. ಆ ದಿನಗಳಲ್ಲಿ ಬೇಳೆಡಬ್ಬಗಳ ಮುಚ್ಚಳಗಳು ಮುಚ್ಚಿದಂತೆಯೇ ಇದ್ದವು.

ಕೊನೆಗೆ ಅವನು ಇಂಟರ್‌ನೆಟ್ ಕೊಟ್ಟ ಕಂಪನಿಗೆ ಫೋನು ಮಾಡಿ, ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ವೇಣುವಾದನವನ್ನು ಬಹಳ ಹೊತ್ತು ಆಲಿಸಿ, ಅಶರೀರವಾಣಿಯೊಂದನ್ನು ಪ್ರಸನ್ನಗೊಳಿಸಿದನು.

“ನಿಮ್ ಹೊರಗಿನ್ ನಂಬರ್ರು ನಿಮ್ಮೊಬ್ರುದೇ ಅಲ್ಲ ಸರ್,” ಎಂದಿತು ವಾಣಿ. “ನಿಮ್ ಏರಿಯಾದೋರಿಗೆಲ್ಲಾ ಸೇರಿ ಒಂದೇ ಇರೋದು. ಅದ್ಕೇ ಹೊರಗಡೆಯಿಂದ ಬಂದಿದ್ದು ನಿಮ್ಮನೆಗೆ ತಲುಪಲ್ಲ. ನಿಮ್ಗೇ ಅಂತ ಬೇರೆ ಹಾಕ್ಕೊಡ್ಬೇಕು.”

“ಇಷ್ಟು ದಿನ ಯಾಕಮ್ಮಾ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ವಲ್ಲ ಸರ್.”

ಸ್ವಂತ ನಂಬರು ಬಂದಿತು. ಚಿದಂಬರಯ್ಯನು ಗೇಟು ದಾಟಿ, ಬೀದಿ ದಾಟಿ, ಸೊಪ್ಪಿನ ಗಾಡಿಯ ಮಗ್ಗುಲಿಗೆ ನಿಂತು, ಫೋನು ಒತ್ತಿದನು. ಕಪ್ಪು ಪರದೆ ಒಮ್ಮೆ ಕಂಪಿಸಿ, ಬೆಳಗಿ, ಅದರೊಳಗೆ ಅವನ ಗೇಟೂ, ಅವನ ದಾಸವಾಳವೂ, ಎಲೆಯ ಮೇಲೆ ಕುಳಿತ ಒಂದು ನೊಣವೂ ಕಾಣಿಸಿದವು. ಅವನ ಕಣ್ಣು ತುಂಬಿ ಬಂದಿತು. ನಿವೃತ್ತನಾದ ಮೇಲೆ ಮೊದಲ ಬಾರಿ ಒಂದು ಯಂತ್ರವಾದರೂ ಅವನ ಮಾತು ಕೇಳಿತ್ತು. ಸೊಪ್ಪಿನವಳು ಸಬ್ಬಸಿಗೆ ಬೇಕೋ ಮೆಂತ್ಯ ಬೇಕೋ ಎಂದು ಕೇಳುತ್ತಲೇ ಇದ್ದಳು.

ಆ ಸಂಜೆ ಅವನು ಬಡಾವಣೆಯ ವಾಟ್ಸಾಪ್ ಬಳಗಕ್ಕೆ ಸಂದೇಶ ಕಳಿಸಿದನು: ನಾಳೆ ಸೂರ್ಯೋದಯಕ್ಕೆ ಈ ಲಿಂಕನ್ನು ಒತ್ತಿ, ಪುಷ್ಪಚೋರನ ನಿಜರೂಪವನ್ನು ಕಾಣಿರಿ. ಹಿರಿಯರಿಗೆ ಕಷ್ಟವಾದೀತೆಂದು ಎರಡೂ ಕ್ಯಾಮೆರಾಗಳ ಪಾಸ್‌ವರ್ಡನ್ನೂ ತೆಗೆದುಹಾಕಿದ್ದನು. ವೀರರ ಔದಾರ್ಯಕ್ಕೆ ಎಣೆಯುಂಟೇ!

ಒಂದೇ ಒಂದು ಕೆಲಸವನ್ನು ಅವನು ಮಾಡಿರಲಿಲ್ಲ. ಗೇಟಿನ ಕ್ಯಾಮೆರಾಕ್ಕೆ ಕೊಟ್ಟ ನಂಬರು ಅದಕ್ಕೇ ಶಾಶ್ವತವೆಂದು ಪೆಟ್ಟಿಗೆಗೆ ಹೇಳಿ ಕಟ್ಟಿಹಾಕಬೇಕಿತ್ತು. ಅದಕ್ಕೊಂದು ಸಾಲು ಪರದೆಯಲ್ಲೇ ಇತ್ತು. ಪುಡಿಗೆಲಸವೆಂದು ಅವನು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅಂದು ರಾತ್ರಿ ಎಂದಿನಂತೆ ಕರೆಂಟು ಹೋಗಿ ಬಂದಿತು. ಎಚ್ಚೆತ್ತ ಪೆಟ್ಟಿಗೆ, ತಾನು ಹಂಚಿದ್ದ ಹಳೆಯ ನಂಬರುಗಳನ್ನೆಲ್ಲ ಮರೆತು, ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವಂತೆ, ಮೊದಲು ಬಂದವರಿಗೆ ಮೊದಲ ನಂಬರೆಂದು ಹೊಸದಾಗಿ ಹಂಚಿತು. ಹಿತ್ತಲಿನ ಕ್ಯಾಮೆರಾ ಮೊದಲು ಕಣ್ಣುಬಿಟ್ಟು ಗೇಟಿನ ಕ್ಯಾಮೆರಾದ ನಂಬರನ್ನು ಪಡೆಯಿತು. ಪ್ರಾಕಾರಕ್ಕೆ ನಂಬರಿನ ಮೇಲೆ ನಂಬಿಕೆಯೇ ಹೊರತು ಮುಖಪರಿಚಯವಿಲ್ಲ.

ಅರುಣೋದಯವಾಯಿತು. ಪಾರ್ಕಿನ ಬೆಂಚಿನ ಸುತ್ತ ಮಂಕಿಕ್ಯಾಪುಗಳೂ ಮಫ್ಲರುಗಳೂ ನೆರೆದವು. ನಡಿಗೆಗೆ ಬಾರದವರು ಮನೆಗಳಲ್ಲೇ ಹಲ್ಲುಜ್ಜುತ್ತ ಲಿಂಕು ಒತ್ತಿ ಕುಳಿತರು. ಚಿದಂಬರಯ್ಯನು ಫೋನನ್ನು ಶಂಖದಂತೆ ಮೇಲೆತ್ತಿ, “ಇಕೋ ನೋಡಿರಿ, ಅಧರ್ಮದ ಅಂತ್ಯವನ್ನು!” ಎಂದು ಒತ್ತಿದನು.

ಪರದೆಯಲ್ಲಿ ಗೇಟು ಕಾಣಲಿಲ್ಲ. ಬಟ್ಟೆ ಒಣಹಾಕುವ ತಂತಿ ಕಂಡಿತು. ತಂತಿಯಾಚೆ ಕಾಂಪೌಂಡು ಗೋಡೆ. ಗೋಡೆಗೆ ಒತ್ತಿ ಇಟ್ಟ ಸ್ಟೂಲಿನ ಮೇಲೆ, ಸೆರಗನ್ನು ಸೊಂಟಕ್ಕೆ ಬಿಗಿದು, ಕೊಕ್ಕೆ ಕಟ್ಟಿದ ಗಳದಿಂದ ತುಂಗಮ್ಮನವರ ಮನೆಯ ಸಂಪಿಗೆ ಕೊಂಬೆಯನ್ನು ಈಚೆಗೆಳೆದು, ಹೂವು ಕಿತ್ತು ಕಿತ್ತು ಬುಟ್ಟಿಗೆ ಹಾಕುತ್ತಿದ್ದವಳು ಅವನ ಧರ್ಮಪತ್ನಿ.

ಪಾರ್ಕಿನಲ್ಲಿ ಎಲ್ಲರೂ ಪರದೆಯತ್ತ ಕತ್ತು ಚಾಚಿದರು. ಒಬ್ಬರು, “ಇವ್ರು ನಮ್ ಪಂಕಜಮ್ಮೋರಲ್ವಾ?” ಎಂದು ಮೆಲ್ಲಗೆ ಕೇಳಿದರು. ಕ್ಷಮೆಯ ಶಪಥವೂ ಪದವೀತ್ಯಾಗದ ಶಪಥವೂ ಏಕಕಾಲದಲ್ಲಿ ಚಿದಂಬರಯ್ಯನ ಕೊರಳಿಗೆ ಬಿದ್ದವು. ಹೆಂಡತಿಯನ್ನು ಸಭೆಯಲ್ಲಿ ಕೈಮುಗಿಸಿ ನಿಲ್ಲಿಸುವುದನ್ನು ನೆನೆದೊಡನೆ ಅವನ ನಿಮಿರಿದ ಮೀಸೆ ಇಳಿಬಿದ್ದಿತು. ಕೂಡಲೇ ಅವಳಿಗೆ ಫೋನು ಮಾಡಿದನು. ತೋರಿಸುತ್ತಿದ್ದುದೂ ಅದೇ ಫೋನಾದ್ದರಿಂದ ಅವನ ಪರದೆಯಿಂದ ಚಿತ್ರ ಮರೆಯಾಯಿತು. ಉಳಿದವರೆಲ್ಲ ತಂತಮ್ಮ ಫೋನು ತೆಗೆದು ನೋಡಿದರು.

“ಸ್ಟೂಲ್ ಇಳಿಯೇ! ಇಡೀ ಬಡಾವಣೆ ನೋಡ್ತಿದೆ ಕಣೇ!”

“ನೋಡ್ಲಿ ಬಿಡ್ರೀ, ಬೀಳಲ್ಲ ನಾನು. ತುಂಗಮ್ಮೋರು ಬಂದ್ರಾ ಅಲ್ಲಿಗೆ? ದಾಸವಾಳ ಸಾಕಾಯ್ತಾ ಅಂತ ಕೇಳಿ.”

ಅಷ್ಟರಲ್ಲಿ ತುಂಗಮ್ಮನವರು ಏದುಸಿರು ಬಿಡುತ್ತ ಬಂದರು. ಅವರ ಕೈಯ ಪ್ಲಾಸ್ಟಿಕ್ ಕವರಿನೊಳಗೆ, ಇಬ್ಬನಿ ಕೂಡ ಆರದ ಕೆಂಪು ದಾಸವಾಳಗಳಿದ್ದವು.

“ಇದ್ಯಾಕೆ ಎಲ್ರೂ ಹಿಂಗ್ ನಿಂತಿದೀರಾ?” ಎಂದವರು, ಯಾರದೋ ಫೋನಿನಲ್ಲಿ ಇಣುಕಿ ನೋಡಿ ನಕ್ಕುಬಿಟ್ಟರು. “ಅಯ್ಯೋ ಚಿದಂಬರಯ್ಯನೋರೆ! ನಿಮ್ ದಾಸವಾಳ ನಮ್ ಗಣಪತಿಗೆ, ನಮ್ ಸಂಪಿಗೆ ನಿಮ್ ಮನೆ ದೇವ್ರಿಗೆ. ನೀವು ಮನೆ ಕಟ್ಸಿದ್ ವರ್ಷದಿಂದ ನಾವಿಬ್ರೂ ಹೀಗೇ ಮಾಡ್ಕೊಂಡ್ ಬಂದಿದೀವಿ. ನೀವು ಕಳ್ಳ ಅಂದ್ರಲ್ಲ, ಇನ್ಯಾರೋ ಅನ್ಕೊಂಡೆ. ಅದ್ಕೇ ಹಿಡೀರಿ ಅಂದೆ.”

ಆಯುಷ್ಯವನ್ನೆಲ್ಲ ವಿನಿಮಯ ಕೇಂದ್ರದಲ್ಲಿ ಸವೆಸಿದವನಿಗೆ ತನ್ನ ಕಾಂಪೌಂಡಿನ ಮೇಲೆ ನಡೆದಿದ್ದ ವಿನಿಮಯ ತಿಳಿದಿರಲಿಲ್ಲ. ಅವನು ಟೊಪ್ಪಿಗೆ ತೆಗೆದು, ಆಡಿದ ಮಾತಿಗೆ ಬದ್ಧನಾಗಿ ರಾಜೀನಾಮೆ ಕೊಡುತ್ತೇನೆಂದನು. ಸಭೆಗೆ ಒಮ್ಮೆಲೇ ಗಾಬರಿಯಾಯಿತು. ಆ ಪದವಿ ಬೇರೆ ಯಾರಿಗೂ ಬೇಕಿರಲಿಲ್ಲ. “ಅದೆಲ್ಲಾ ಏನೂ ಬೇಡ, ನೀವೇ ಇರಿ,” ಎನ್ನುತ್ತ ಎಲ್ಲರೂ ದಾಪುಗಾಲು ಹಾಕಿ ನಡಿಗೆಗೆ ಹೊರಟುಬಿಟ್ಟರು.

ಮನೆಗೆ ಬಂದಾಗ ಪಂಕಜಮ್ಮ ಸಂಪಿಗೆಯನ್ನು ದೇವರಿಗೆ ಏರಿಸುತ್ತಿದ್ದಳು.

“ಮೊದಲೇ ಗೊತ್ತಿತ್ತಾ ನಿನಗೆ?”

“ದಾಸವಾಳ ಅಂದಾಗ್ಲೇ ಗೊತ್ತಾಯ್ತು.”

“ಮತ್ತೆ ಹೇಳ್ಬಾರ್ದಾ?”

“ಹೇಳ್ದೆ. ಪೇಪರ್ ಓದ್ತಿದ್ರಿ. ಹೂಂ ಅಂದ್ರಿ.”

“ಇನ್ನೊಂದ್ಸಲ ಹೇಳೋದಲ್ವಾ?”

ಅವಳು ಇನ್ನೊಂದು ಸಂಪಿಗೆಯನ್ನು ಏರಿಸಿ, ತಿರುಗದೆಯೇ ಹೇಳಿದಳು. “ಆ ಪೆಟ್ಟಿಗೆ ಮುಂದೆ ಕೂತಾಗಿಂದ ನೀವು ಅಡುಗೆಮನೆ ಕಡೆ ಬಂದಿರ್ಲಿಲ್ಲ. ನಂಗೂ ಸ್ವಲ್ಪ ನೆಮ್ಮದಿಯಾಗಿತ್ತು.”

ಆ ಮಾತು ಅವನಿಗೆ ನಾಟಿತು. ಪಾರ್ಕಿನ ಅವಮಾನಕ್ಕಿಂತ ಹೆಚ್ಚು ನೋವಾಯಿತು. ಈ ಸಲ ಅವನು ಹೂಂ ಎನ್ನಲಿಲ್ಲ. ಲ್ಯಾಪ್‌ಟಾಪ್ ತೆರೆದು, ಪ್ರಾಕಾರವನ್ನು ಹೊಕ್ಕು, ತಾನು ಬರೆದ ಅಪ್ಪಣೆಯನ್ನು ತಾನೇ ಅಳಿಸಿ, ‘ಸೇವ್’ ಒತ್ತಿ, ಲೋಕಕ್ಕೆಲ್ಲ ತೆರೆದಿಟ್ಟಿದ್ದ ಮಹಾದ್ವಾರವನ್ನು ಮುಚ್ಚಿದನು.

“ಬಾಗ್ಲು ಹಾಕ್ದೆ,” ಎಂದನು ತಗ್ಗಿದ ದನಿಯಲ್ಲಿ.

“ಹಿತ್ತಲ ಬಾಗ್ಲೂ ಹಾಕ್ಕೊಂಡ್ ಬನ್ನಿ,” ಎಂದಳು ಪಂಕಜಮ್ಮ. “ಹಾಲು ಹೊರಗಿಟ್ಟಿದೀನಿ, ಬೆಕ್ಕು ಬರತ್ತೆ.”