ಐದೂ ಒಂದೇ ಅಳತೆ

ಎಲ್ಲ ಶುರುವಾದದ್ದು ಅಕ್ಕ ಕಾಫಿ ಲೋಟ ಹಿಡಿದುಕೊಂಡು ಅಂಗಳಕ್ಕೆ ಬಂದದ್ದರಿಂದ. ಒಳಗೇ ಕೂತು ಕುಡಿದಿದ್ದರೆ ಆ ಭಾನುವಾರವೂ ಉಳಿದ ಭಾನುವಾರಗಳ ಹಾಗೆ ಯಾರ ಕಣ್ಣಿಗೂ ಬೀಳದೆ ಜಾರಿಹೋಗುತ್ತಿತ್ತು.

ತಿದ್ದುಪಡಿಯವರು ಕಾರಿನ ಡಿಕ್ಕಿ ಗುಡಿಸುತ್ತಿದ್ದರು. ಅವರಿಗೆ ಆ ಹೆಸರಿಟ್ಟದ್ದು ಬೀದಿಯ ಜನ. ಮೂವತ್ತು ವರ್ಷದಿಂದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ. ಆ ಚಟ ಕಚೇರಿಯ ಬಾಗಿಲಲ್ಲಿ ನಿಲ್ಲದೆ ಮನೆಯವರೆಗೂ ಬಂದಿತ್ತು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಗೋಡೆಗೆ ಅಂಟಿಸಿದ ಚೀಟಿಯಲ್ಲೂ ಮೊದಲು ಒತ್ತಕ್ಷರ ಸರಿಮಾಡಿ, ಆಮೇಲೆ ನೀರಿಲ್ಲವಲ್ಲ ಎಂದು ಗಾಬರಿಯಾಗುವ ಆಸಾಮಿ.

ತಮ್ಮನ ಮನೆಗೆ ಬಂದಿದ್ದ ಅಕ್ಕ ಊರಿಗೆ ಮರಳುವ ರೈಲು ಸಂಜೆ ಆರಕ್ಕೆ. ಅದು ನಿಲ್ಲುವುದು ಮೂವತ್ತು ಕಿಲೋಮೀಟರ್ ಆಚೆಯ ಜಂಕ್ಷನ್ನಿನಲ್ಲಿ. ಈ ಸಲ ಅಕ್ಕನ ಜೊತೆ ಎರಡು ಸೂಟ್‌ಕೇಸುಗಳಲ್ಲದೆ ಅಮ್ಮನ ಹಳೆಯ ಹೊಲಿಗೆ ಯಂತ್ರವೂ ಹೊರಟಿತ್ತು. ಮರದ ಪೆಟ್ಟಿಗೆಯೊಳಗೆ ಕೂತ ಆ ಕಬ್ಬಿಣದ ಮುದುಕಿಯನ್ನು ಎತ್ತಲು ಇಬ್ಬರು ಬೇಕು. ಅದಕ್ಕೆ ಜಾಗ ಮಾಡಲೆಂದೇ ಈ ಶುದ್ಧೀಕರಣ. ಡಿಕ್ಕಿಯ ತಳದ ಹಲಗೆ ಎತ್ತಿದರು. ಕೆಳಗಿನ ಗುಂಡಿಯಲ್ಲಿ ಸ್ಟೆಪ್ನಿ ಮಲಗಿತ್ತು.

ಅಕ್ಕ ಬಗ್ಗಿ ನೋಡಿದಳು. "ಇದೇನೋ ಪುಟ್ಟ, ಯಾವುದೋ ಮಗುವಿನ ಸೈಕಲ್ ಚಕ್ರ ಇಲ್ಲಿ ಬಂದು ಮಲಗಿದೆ?"

"ಸ್ಟೆಪ್ನಿ ಅಕ್ಕ. ಈಗಿನ ಕಾರಿಗೆಲ್ಲ ಇಂಥದ್ದೇ ಕೊಡೋದು."

"ಅಪ್ಪನ ಕಾರಲ್ಲಿ ಐದೂ ಒಂದೇ ಅಳತೆ ಇದ್ವಪ್ಪ," ಎಂದು ಅಕ್ಕ ಲೋಟ ಬರಿದುಮಾಡಿ ಒಳಗೆ ಹೋದಳು.

ತಿದ್ದುಪಡಿಯವರು ಅಲ್ಲೇ ನಿಂತರು. ಮೂರು ವರ್ಷ ಈ ಸಣಕಲು ಚಕ್ರವನ್ನು ಬೆನ್ನ ಹಿಂದೆ ಇಟ್ಟುಕೊಂಡು ಓಡಾಡಿದ್ದೆನೇ? ಅದರ ಮೇಲೊಂದು ಹಳದಿ ಚೀಟಿ: ತಾತ್ಕಾಲಿಕ ಬಳಕೆಗೆ ಮಾತ್ರ, ಎಂಬತ್ತರ ವೇಗ ಮೀರಕೂಡದು. ಎರಡು ಸಲ ಓದಿದರು. ಒಂದು ತಪ್ಪೂ ಸಿಗಲಿಲ್ಲ. ಅದರಿಂದ ಸಿಟ್ಟು ಇನ್ನೂ ಏರಿತು. ಚೊಕ್ಕ ಸಾಲಿನ ನಡುವೆ ಬೇರೆ ಅಚ್ಚಿನ ಪುಟಾಣಿ ಅಕ್ಷರವೊಂದು ನುಸುಳಿದಂತೆ ಆ ಚಕ್ರ ಅವರನ್ನು ಅಣಕಿಸಿತು.

ಅಪ್ಪನ ಕಾರು ಬೂದಿ ಬಣ್ಣದ್ದು. ಕೆಮ್ಮಿ ಕೆಮ್ಮಿಯೇ ಎಚ್ಚರಾಗುತ್ತಿತ್ತು. ಬೇಸಿಗೆ ರಜೆಯಲ್ಲಿ ಅಜ್ಜಿಮನೆಗೆ ಹೋಗುವಾಗ, ಗುಡ್ಡದ ತಿರುವುಗಳ ನಡುವೆ ಒಂದು ದೊಡ್ಡ ಮರದ ಹತ್ತಿರ ಅದು ಪಂಕ್ಚರ್ ಆಗುತ್ತಿತ್ತು. ಪ್ರತಿ ವರ್ಷವೂ. ಮೊದಲು ಕಂಡುಹಿಡಿಯುವವಳು ಅಕ್ಕ. "ಅಪ್ಪಾ, ಚಕ್ರ!" ಎಂದು ಕೂಗುವಳು. ಅಪ್ಪ ಅಂಗಿಯ ತೋಳು ಮಡಚಿ ಇಳಿಯುವರು. ಅಮ್ಮ ನೆರಳಲ್ಲಿ ಚಾಪೆ ಬಿಡಿಸಿ, ಬುಟ್ಟಿಯಿಂದ ನೀರು, ನಿಂಬೆಹಣ್ಣು ತೆಗೆದಿಡುವಳು. ಆಗ ಏಳು ವರ್ಷದ ತಿದ್ದುಪಡಿಯವರು ಚಾಪೆಯ ಮೇಲೆ ಒರಗಿ, ಅಪ್ಪ ಒಪ್ಪಿಸಿದ ನಟ್ಟುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನೋಡುತ್ತಿದ್ದರು. "ಭದ್ರ ಕಣೋ, ಒಂದು ಕಳೆದರೂ ಅಜ್ಜಿಮನೆ ಇಲ್ಲ," ಎನ್ನುವರು ಅಪ್ಪ. ಕಬ್ಬಿಣದ ಆ ವಾಸನೆ ಅಜ್ಜಿಮನೆ ತಲುಪಿದ ಮೇಲೂ ಅಂಗೈಯಲ್ಲಿ ಇರುತ್ತಿತ್ತು. ಜಗತ್ತಿನಲ್ಲಿ ಏನೇ ಕೆಟ್ಟರೂ ಅರ್ಧ ಗಂಟೆಯಲ್ಲಿ ಸರಿಮಾಡುವ ಒಬ್ಬರು ಇದ್ದಾರೆ ಎಂದು ಅವರು ನಂಬಿದ್ದು ಆ ಚಾಪೆಯ ಮೇಲೆ.

ಈಗ ಅವರಿಗೆ ಐವತ್ತೆರಡು. ಇದುವರೆಗೆ ಒಂದು ಚಕ್ರ ಬಿಚ್ಚಿದವರಲ್ಲ. ಅಕ್ಕನಿಗೆ ಇನ್ನೂ ಅವರು ಪುಟ್ಟನೇ. ಮೊನ್ನೆಯಷ್ಟೇ ಮೀನಿನ ಮುಳ್ಳು ತೆಗೆದುಕೊಡುವಂತೆ ಅವರ ಅಂಗಿಯ ಮೇಲಿನ ದಾರ ಹೆಕ್ಕಿದ್ದಳು. ಒಂದು ಸಲ, ಒಂದೇ ಒಂದು ಸಲ, ಅಕ್ಕನ ಕಣ್ಣೆದುರು ತೋಳು ಮಡಚಿ ಅಪ್ಪನ ಹಾಗೆ ಚಕ್ರ ಬದಲಾಯಿಸಬೇಕು. ಅದೂ ಈ ಆಟಿಕೆಯನ್ನು ಹಾಕಿ ಅಲ್ಲ.

"ಟೈರ್ ಅಂಗಡಿಗೆ ಹೋಗ್ಬರ್ತೀನಿ," ಎಂದರು ಒಳಗೆ ಇಣುಕಿ.

"ಮೂರು ವರ್ಷದಿಂದ ಅದಕ್ಕೊಂದು ಕೆಲಸ ಬಂದಿಲ್ಲ ಕಣ್ರೀ," ಎಂದಳು ಹೆಂಡತಿ. "ಇವತ್ತೇ ಬಡ್ತಿ ಕೊಡ್ಬೇಕಾ?"

ಅಂಗಡಿಗೆ ಹೊರಡುವಷ್ಟರಲ್ಲಿ ಮಹಡಿ ಮನೆಯ ನಿವೃತ್ತ ಬಸ್ ಕಂಡಕ್ಟರ್ ಕಾರಿನೊಳಗೆ ಕೂತಾಗಿತ್ತು. ಯಾರ ಗಾಡಿ ಹೊರಟರೂ ಹತ್ತುವುದು ಅವರ ಕಾಲಿಗೆ ಅಂಟಿದ ಅಭ್ಯಾಸ. "ಚಕ್ರದ ವಿಷಯ ನಂಗೆ ಬಿಡಿ ಸ್ವಾಮಿ. ಮೂವತ್ತೈದು ವರ್ಷ ಚಕ್ರದ ಮೇಲೇ ಬದುಕಿದವನು. ರೈಟ್!"

ಟೈರ್ ಅಂಗಡಿಯವನ ಹತ್ತಿರ ಅದೇ ಮಾದರಿಯ ಕಾರಿನ ದೊಡ್ಡ ಚಕ್ರವೊಂದು ಇತ್ತು. ಆದರೆ ಅವನು ಪ್ರಾಮಾಣಿಕ. "ಸಾರ್, ಕೊಡೋದು ಕೊಡ್ತೀನಿ. ಆ ಗುಂಡಿ ಸಣ್ಣದಕ್ಕೆ ಅಂತ ಮಾಡಿರೋದು, ಇದು ಪೂರ್ತಿ ಕೂರಲ್ಲ. ಆಮೇಲೆ ಬಂದು ನನ್ನ ಬೈಬೇಡಿ."

"ಕೂರಿಸಿದ್ರೆ ಕೂರುತ್ತೆ ಕಣಯ್ಯ," ಎಂದರು ಕಂಡಕ್ಟರ್. "ನಲವತ್ತು ಸೀಟಿನ ಬಸ್ಸಲ್ಲಿ ತೊಂಬತ್ತು ಜನರನ್ನ ಕೂರಿಸಿದೀನಿ."

ಹಳೆಯ ಸ್ಟೆಪ್ನಿಯನ್ನು ಎತ್ತುವಾಗ ಅದರ ಹೊಟ್ಟೆಯೊಳಗಿಂದ ಮುಚ್ಚಳವಿದ್ದ ಕಪ್ಪು ತಟ್ಟೆಯೊಂದು ಹೊರಬಂತು. ಒಳಗೆ ಏನೋ ಗಲಗಲ ಎಂದಿತು. "ಇದು?" ಎಂದ ಅಂಗಡಿಯವನು.

"ಚಿಕ್ಕದರ ಜೊತೆ ಬಂದದ್ದು ಚಿಕ್ಕದರ ಜೊತೆಗೇ ಇಲ್ಲೇ ಇರ್ಲಿ. ಜಾಗ ಎಲ್ಲಿದೆ?" ಎಂದು ಕಂಡಕ್ಟರ್ ತೀರ್ಪು ಕೊಟ್ಟರು. ಅಲ್ಪವಿರಾಮ ಕಾಣೆಯಾದರೆ ಹತ್ತು ಅಡಿ ದೂರದಿಂದಲೇ ಪತ್ತೆಮಾಡುವ ತಿದ್ದುಪಡಿಯವರು ಆಗ ಬೇರೆಡೆ ನೋಡುತ್ತಿದ್ದರು. ನೆಲದ ಮೇಲೆ ನಿಂತ ಐದನೆಯ ಚಕ್ರವನ್ನು, ಹೊಸ ಅಳಿಯನನ್ನು ನೋಡುವ ಮಾವನಂತೆ.

ಮನೆಗೆ ಬಂದ ಮೇಲೆ ಅಳಿಯನ ನಿಜವಾದ ಗಾತ್ರ ತಿಳಿಯಿತು. ಮಗುವಿನ ಕುರ್ಚಿಯಲ್ಲಿ ಕೂತ ದಢೂತಿಯಂತೆ ಚಕ್ರ ಗುಂಡಿಯಿಂದ ಗೇಣುದ್ದ ಮೇಲೆದ್ದಿತ್ತು. ತಳದ ಹಲಗೆ ಮನೆಯೊಳಗೆ ಹೋಗಿ ಗೋಡೆಗೆ ಒರಗಿತು. ಸೂಟ್‌ಕೇಸುಗಳನ್ನು ಅಡ್ಡ ಇಟ್ಟರು, ಉದ್ದ ಇಟ್ಟರು, ಒಂದರ ಮೇಲೊಂದು ಇಟ್ಟರು. ಡಿಕ್ಕಿಯ ಬಾಗಿಲು ಆಕಳಿಸಿದ ಬಾಯಿ ಮುಚ್ಚಲೇ ಇಲ್ಲ. ಕೊನೆಗೆ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಂದು ಬಿಗಿದರು.

"ಯಂತ್ರ?" ಎಂದಳು ಹೆಂಡತಿ.

ಹಗ್ಗ ಕಟ್ಟಿದ ಡಿಕ್ಕಿಯಲ್ಲಿ ಅಮ್ಮನ ಯಂತ್ರ ಇಡಲು ಅಕ್ಕ ಒಪ್ಪಲಿಲ್ಲ. ಹಿಂದಿನ ಸೀಟಿನಲ್ಲಿಡೋಣವೆಂದರೆ ಹಗ್ಗದ ಮೇಲೆ ಕಣ್ಣಿಡಲು ಕಂಡಕ್ಟರ್ ಅಲ್ಲಿ ಅಡ್ಡಡ್ಡ ಕೂತಾಗಿತ್ತು. ಹೀಗಾಗಿ ಕಬ್ಬಿಣದ ಮುದುಕಿ ಅಕ್ಕನ ತೊಡೆಯೇರಿದಳು.

"ಅತ್ತಿಗೆ, ನಾನು ಇಲ್ಲೇ ಟಾಟಾ ಮಾಡ್ತೀನಿ," ಎಂದಳು ಹೆಂಡತಿ. "ನಾನೂ ಬಂದ್ರೆ ಇವರು ನನ್ನನ್ನೂ ಹಗ್ಗದಲ್ಲಿ ಕಟ್ತಾರೆ."

ಹೊರಟಾಗ ಮೂರೂವರೆ. ತಿದ್ದುಪಡಿಯವರು ಹೊಸ ರಸ್ತೆ ಬಿಟ್ಟು ಹಳೆಯ ಗುಡ್ಡದ ರಸ್ತೆ ಹಿಡಿದರು. "ಅಜ್ಜಿಮನೆ ದಾರಿ ಅಲ್ವೇನೋ ಇದು?" ಎಂದು ಅಕ್ಕನ ಮುಖ ಅರಳಿತು. ಮುಂದಿನ ನಾಲ್ಕು ತಿರುವು ಅವರು ಅಪ್ಪನ ಪಂಕ್ಚರ್‌ಗಳನ್ನು ಒಂದೊಂದಾಗಿ ವರ್ಣಿಸಿದರು. ಅಕ್ಕ ಪೆಟ್ಟಿಗೆಯ ಮೇಲೆ ಗದ್ದವೂರಿ ತಮ್ಮನ ಮುಖವನ್ನೇ ನೋಡುತ್ತಿದ್ದಳು. ಅವರೋ ಪ್ರತಿ ಕಲ್ಲನ್ನೂ ಆಸೆಗಣ್ಣಿಂದ ನೋಡಿ ಅದರ ಮೇಲೇ ಹಾಯಿಸುತ್ತಿದ್ದರು. ಒಂದು ಮೊಳೆಗೂ ಕರುಣೆ ಬರಲಿಲ್ಲ.

"ಹೋಲ್ಡಾನ್!" ಎಂದು ಹಿಂದಿನಿಂದ ಕೂಗು ಬಂತು. "ಹಗ್ಗ ಸಡಿಲ ಆಯ್ತು!"

"ನಂಗೂ ತಲೆ ಸುತ್ತುತ್ತೆ ಕಣೋ. ಆ ಮರದ ಹತ್ರ ನಿಲ್ಸು," ಎಂದಳು ಅಕ್ಕ.

ಅದೇ ಮರ. ಈಗ ಸ್ವಲ್ಪ ಗಿಡ್ಡವಾಗಿತ್ತು, ಅಥವಾ ಅವರು ಬೆಳೆದಿದ್ದರು. ಯಂತ್ರವನ್ನು ಕೆಳಗಿಳಿಸಿದ ಮೇಲೆ ಅಕ್ಕ ಕಾರಿನ ಮುಂದಿನ ಚಕ್ರದ ಪಕ್ಕದ ಕಲ್ಲಿನ ಮೇಲೆ ಅವರಿಗೆ ಬೆನ್ನುಹಾಕಿ ಕೂತಳು. ಹಿಂದುಗಡೆ ಹಗ್ಗದ ಗಂಟು ಯಾವುದಿರಬೇಕೆಂಬ ಚರ್ಚೆಗೆ ಕಾಲು ಗಂಟೆ ಹಿಡಿಯಿತು. ಮುಂದಿನಿಂದ ಅಕ್ಕನ ಉದ್ದುದ್ದ ನಿಟ್ಟುಸಿರು ಕೇಳುತ್ತಿತ್ತು. ಪಾಪ, ಸುಸ್ತಾಗಿರಬೇಕು.

"ಪುಟ್ಟಾ, ಚಕ್ರ!" ಎಂದು ಅಕ್ಕ ಕೂಗಿದಳು.

ಓಡಿಬಂದು ನೋಡಿದರೆ ಮುಂದಿನ ಚಕ್ರ ನೆಲಕ್ಕೆ ಅಂಟಿತ್ತು. ಅಷ್ಟು ಸಂತೋಷದಿಂದ ಪಂಕ್ಚರ್ ನೋಡಿದ ಮನುಷ್ಯ ಆ ರಸ್ತೆಯಲ್ಲಿ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಅನುಮಾನ. "ನೀನು ಕೂತ್ಕೋ ಅಕ್ಕ. ಅರ್ಧ ಗಂಟೆ ಕೆಲಸ," ಎಂದು ತೋಳು ಮಡಚಿದರು. ಈಗತಾನೇ ಕಟ್ಟಿದ ಹಗ್ಗ ಬಿಚ್ಚಿ, ಸೂಟ್‌ಕೇಸ್ ಇಳಿಸಿ, ಐದನೆಯ ಚಕ್ರವನ್ನು ಉರುಳಿಸಿ ತಂದರು. ಮತ್ತೆ ಡಿಕ್ಕಿಗೆ ಹೋದರು. ತಲೆ ಒಳಗೆ ಹಾಕಿ ಹುಡುಕಿದರು. ಸೀಟಿನ ಕೆಳಗೆ ಹುಡುಕಿದರು.

"ಜಾಕ್ ಎಲ್ಲಿ? ಸ್ಪ್ಯಾನರ್ ಎಲ್ಲಿ?"

ಕಂಡಕ್ಟರ್ ಆಕಾಶ ನೋಡಿದರು. "ಸ್ವಾಮಿ... ಆ ಕಪ್ಪು ತಟ್ಟೆ ಗಲಗಲ ಅಂತಿತ್ತಲ್ಲ..."

ಕಂಡಕ್ಟರ್ ಪ್ರಾಯಶ್ಚಿತ್ತಕ್ಕೆ ತಡಮಾಡಲಿಲ್ಲ. ದೂರದಲ್ಲಿ ಬಸ್ಸಿನ ಸದ್ದು ಕೇಳಿದ್ದೇ ರಸ್ತೆಯ ನಡುವೆ ನಿಂತು ಕೈ ಎತ್ತಿದರು. ಆ ಕೈಗೆ ನಿವೃತ್ತಿ ಆಗಿರಲಿಲ್ಲ, ಬಸ್ಸು ನಿಂತಿತು. ಯಂತ್ರ, ಸೂಟ್‌ಕೇಸು, ಅಕ್ಕ, ಕೊನೆಗೆ ತಾವು, ಎಲ್ಲವನ್ನೂ ಒಂದೇ ನಿಮಿಷದಲ್ಲಿ ಹತ್ತಿಸಿದರು. "ಅಕ್ಕನ್ನ ರೈಲು ಹತ್ತಿಸೋ ಜವಾಬ್ದಾರಿ ನಂದು. ರೈಟ್!"

ಅಕ್ಕ ಕಿಟಕಿಯಿಂದ ಕೈಚಾಚಿ ತಮ್ಮನ ತಲೆ ಸವರಿದಳು. "ತಪ್ಪಾಯ್ತು ಕಣೋ ಪುಟ್ಟ," ಎಂದಳು. ಇವಳ ತಪ್ಪೇನು ಎಂದು ಅವರು ಯೋಚಿಸುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಟೈರ್ ಅಂಗಡಿಯವನು ಫೋನಿಗೆ ಓಗೊಟ್ಟು ಸ್ಕೂಟರಿನಲ್ಲಿ ಬಂದಾಗ ಆರೂ ಕಾಲು. ಕಪ್ಪು ತಟ್ಟೆಯನ್ನು ಅವರ ಕೈಗಿಟ್ಟು, ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ಸುತ್ತ ಬೆರಳಾಡಿಸಿದ.

"ಸಾರ್, ಇದು ಪಂಕ್ಚರ್ ಅಲ್ಲ. ಮೊಳೆ ಇಲ್ಲ, ಮುಳ್ಳಿಲ್ಲ. ವಾಲ್ವಿನ ಮುಚ್ಚಳ ತೆಗೆದು ಯಾರೋ ಗಾಳಿ ಬಿಟ್ಟಿದ್ದಾರೆ." ಕಲ್ಲಿನ ಪಕ್ಕದಿಂದ ಏನನ್ನೋ ಹೆಕ್ಕಿ ತೋರಿಸಿದ. ಕೂದಲಿಗೆ ಸಿಕ್ಕಿಸುವ ಪಿನ್ನು. ಅದರಲ್ಲೊಂದು ಬಿಳಿ ಕೂದಲು.

ಅಕ್ಕನಿಗೆ ಫೋನ್ ಮಾಡಿದರು. ಅವಳು ಎತ್ತಿದಾಗ ಹಿಂದೆ ರೈಲು ಓಡುವ ಸದ್ದು.

"ಅಕ್ಕ, ಗಾಳಿ ಬಿಟ್ಟದ್ದು ನೀನಾ?"

"ಗೊತ್ತಾಯ್ತಾ?" ಅಕ್ಕ ನಕ್ಕಳು. "ಬೆಳಗ್ಗಿಂದ ನಿನ್ನ ಮುಖ ನೋಡ್ತಿದ್ದೆ ಕಣೋ. ಒಂದ್ಸಲ ಬದಲಾಯಿಸ್ಲಿ, ಸಮಾಧಾನ ಆಗ್ಲಿ ಅಂತ. ನೀನು ಸಾಮಾನೇ ಇಲ್ದೆ ಬರ್ತೀಯ ಅಂತ ನಂಗೇನು ಕನಸೇ?"

"ಅಪ್ಪನಿಗೆ ಎಷ್ಟು ಸಲೀಸಾಗಿ..."

"ಅಯ್ಯೋ, ಅಪ್ಪನ ಕಾರು ಆ ಮರದ ಹತ್ರ ಒಂದ್ಸಲಾನೂ ಪಂಕ್ಚರ್ ಆಗಿಲ್ಲ ಕಣೋ ದಡ್ಡ! ತಿರುವು ಬಂದ್ರೆ ನಿಂಗೆ ವಾಂತಿ. ದೊಡ್ಡಪ್ಪನ ಮಕ್ಕಳು ಆಡ್ಕೊಂಡು ನಕ್ಕರು ಅಂತ ಇನ್ಮೇಲೆ ಕಾರೇ ಹತ್ತಲ್ಲ ಅಂತ ನೀನು ಕೂತ್ಬಿಟ್ಟೆ. ಆಮೇಲಿಂದ ಅಪ್ಪ ಕಾರಿಗೇ ಕಾಯಿಲೆ ಬರಿಸಿದ್ರು. ನಿನ್ನ ಮುಖ ಬಿಳುಚಿದ ತಕ್ಷಣ 'ಚಕ್ರ' ಅಂತ ಕೂಗೋದು ನನ್ನ ಕೆಲಸ. ನೀನು ಮಲಗಿ ಸುಧಾರಿಸ್ಕೊಳ್ಳೋವರೆಗೂ ಅಪ್ಪ ಚಕ್ರ ಬಿಚ್ಚಿ ಅದೇ ಚಕ್ರ ಮತ್ತೆ ಹಾಕೋರು. ಐದೂ ಒಂದೇ ಅಳತೆ ಇದ್ವಲ್ಲ, ನಿಂಗೆ ಗೊತ್ತೇ ಆಗ್ಲಿಲ್ಲ. ಸ್ಟೆಪ್ನೀಲಿ ಗಾಳಿನೇ ಇರ್ಲಿಲ್ಲ ಮಾರಾಯ!"

ರೈಲು ಯಾವುದೋ ಸೇತುವೆ ಹತ್ತಿತು, ಮಾತು ಕಡಿದುಹೋಯಿತು.

ಅಂಗಡಿಯವನು ಕಾಲಿನ ಪಂಪಿನಿಂದ ಐದೇ ನಿಮಿಷದಲ್ಲಿ ಗಾಳಿ ತುಂಬಿ ಎದ್ದ. "ಆಯ್ತು ಸಾರ್, ಹೊರಡಿ."

"ಸ್ವಲ್ಪ ನಿಲ್ಲಪ್ಪ," ಎಂದರು ತಿದ್ದುಪಡಿಯವರು. ಕಪ್ಪು ತಟ್ಟೆ ತೆರೆದರು. ಅವನು ಹೇಳಿಕೊಟ್ಟಂತೆ ಸ್ಪ್ಯಾನರಿನ ಮೇಲೆ ನಿಂತು ನಟ್ಟು ಸಡಿಲಿಸಿದರು, ಜಾಕ್ ಕೊಟ್ಟರು, ಚೆನ್ನಾಗಿದ್ದ ಚಕ್ರವನ್ನು ಬಿಚ್ಚಿ ಕೆಳಗಿಟ್ಟರು. ನಟ್ಟುಗಳನ್ನು ಮುಷ್ಟಿಯಲ್ಲಿ ಹಿಡಿದು ಮರದ ಕೆಳಗೆ ಐದು ನಿಮಿಷ ಸುಮ್ಮನೆ ಕೂತರು. ಆಮೇಲೆ ಎದ್ದು ಅದೇ ಚಕ್ರವನ್ನು ಅದೇ ಜಾಗಕ್ಕೆ ಹಾಕತೊಡಗಿದರು. ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದು ಸ್ಕೂಟರಿನ ಕೀಲಿ ತಡಕಿದ.

ಕೊನೆಯ ನಟ್ಟು ಬಿಗಿಯುತ್ತಿದ್ದಾಗ ಜಂಕ್ಷನ್ನಿನಿಂದ ವಾಪಸಾಗುವ ಬಸ್ಸು ಬಂತು. ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು: "ಏನ್ ಸ್ವಾಮಿ, ಎರಡೂವರೆ ಗಂಟೆಯಾಯ್ತು, ಒಂದು ಪಂಕ್ಚರ್ ಇನ್ನೂ ಮುಗಿದಿಲ್ವಾ?"

ಮರುದಿನ ಬೆಳಗಾಗುವಷ್ಟರಲ್ಲಿ ಬೀದಿಯ ಜನ ತಮ್ಮ ಹಳೆಯ ಹೆಸರನ್ನು ಹಿಂದಕ್ಕೆ ಪಡೆದು ಹೊಸದನ್ನು ದಯಪಾಲಿಸಿದ್ದರು. ಹಾಲಿನವನು ಕರೆದ, ಪೇಪರಿನವನು ಕರೆದ, ಹೆಂಡತಿಯೂ ಬಾಯಿತಪ್ಪಿ ಕರೆದಳು: ಪಂಕ್ಚರ್. ಡಿಕ್ಕಿಯಲ್ಲಿ ಐದನೆಯ ಚಕ್ರ ಇನ್ನೂ ಗೇಣುದ್ದ ಮೇಲೆದ್ದೇ ಇತ್ತು. ಆ ಹೆಸರಿನಲ್ಲಿ ಒಂದು ದೊಡ್ಡ ತಪ್ಪಿದೆಯೆಂದು ಆ ಬೀದಿಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ಕಣ್ಣಿಗೆ ಬಿದ್ದ ತಪ್ಪನ್ನು ಅವರು ತಿದ್ದಲಿಲ್ಲ.