ಮೂರನೇ ಸಂಪುಟಕ್ಕೆ ಟವೆಲ್ ಹಾಸಿದ್ದು

ಕಾಯುವುದರಲ್ಲಿ ನಮ್ಮ ಸೀಮೆಯವರನ್ನು ಮೀರಿಸುವವರಿಲ್ಲ ಎಂದು ಬಹಳ ಕಾಲ ನಂಬಿದ್ದೆ. ತೆಂಗಿನಕಾಯಿ ಕೆಡವಿ ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಅದರ ಗೊಡವೆಗೇ ಹೋಗದ ಜನ ನಾವು. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಅದಕ್ಕೆ ಮುಂಚೆ ಒಡೆದವನಿಗೆ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಯೇ ತಲೆ ನರೆತ ನಾನು ಈ ಬುದ್ಧಿಮಾತನ್ನು ಹೆಣ್ಣು ನೋಡಲು ಹೊರಟವರಿಗೆ, ಮನೆ ಕಟ್ಟಲು ಹೊರಟವರಿಗೆ, ಕೇಳದೆ ಸುಮ್ಮನೆ ಕೂತವರಿಗೂ ಹೇಳಿದ್ದೇನೆ. ಆದರೆ ಇನ್ನೂ ಅಚ್ಚಾಗದ ಒಂದು ಐತಿಹಾಸಿಕ ಕಾದಂಬರಿಯ ಮುಂದೆ ನನ್ನ ತಾಳ್ಮೆಯೆಲ್ಲ ಹಸಿಕಾಯಿ ಎಂದು ಗೊತ್ತಾಯಿತು.

ನಾನು ಹೆಚ್ಚು ಓದಿದವನಲ್ಲ. ಮಾಯಸಂದ್ರದ ಕಡೆ ಸೈಕಲ್ಲಿನಲ್ಲಿ ತೋಟದಿಂದ ತೋಟಕ್ಕೆ ಹೋಗಿ ಕಾಯಿ ಕೊಳ್ಳುತ್ತಿದ್ದ ಕಾಲದಲ್ಲಿ, ಮಧ್ಯಾಹ್ನ ಮರದ ನೆರಳಲ್ಲಿ ಓದಲು ಹಿಡಿದದ್ದು ರಾಜರ ಕತೆಗಳನ್ನು. ಯಾರು ಯಾರಿಗೆ ಮೋಸ ಮಾಡಿದರು, ಯಾರು ಯಾವ ಷರತ್ತಿಗೆ ಕೋಟೆ ಬಿಟ್ಟುಕೊಟ್ಟರು ಎಂದು ತಿಳಿದರೆ ವ್ಯಾಪಾರಕ್ಕೆ ಒಳ್ಳೆಯದು ಅನಿಸಿತ್ತು. ಈಗ ಈ ಪುಸ್ತಕಗಳ ಪೇಟೆ ಹೇಗಿದೆ ಎಂದು ನೀವು ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ರಾಜರ ಧಾರಣೆ ಇಳಿದಿದೆ, ರಾಣಿಯರದು ಏರಿದೆ. ರಾಣಿಯರ ಹಿಂದೆಯೇ ಅರಮನೆಯ ಅಡುಗೆಯವರು, ಆನೆ ಮಾವುತರು, ದೋಣಿ ನಡೆಸುವವರು ಬರುತ್ತಿದ್ದಾರೆ. ಗೆದ್ದವನ ಕತೆಗಿಂತ ಸೋತವನ ಕತೆಗೆ ಬೇಡಿಕೆ ಜಾಸ್ತಿ. ಒಂದೇ ಪುಸ್ತಕದಲ್ಲಿ ಮುಗಿಸುವ ಪದ್ಧತಿ ಹೋಗಿ, ಈಗೆಲ್ಲ ಸಂಪುಟಗಳ ಮೇಲೆ ಸಂಪುಟ. ಪುಸ್ತಕ ಬರುವ ಮೊದಲೇ ಅದರ ವಿಡಿಯೋ ಫೋನಿಗೆ ಬರುತ್ತದೆ: ನಗಾರಿ ಬಡಿಯುತ್ತದೆ, ಹೊಗೆ ಏಳುತ್ತದೆ, ಒಂದು ಕತ್ತಿ ನಿಧಾನವಾಗಿ ಕೆಳಗೆ ಬೀಳುತ್ತದೆ. ಆಮೇಲೆ ‘ಮುಂಗಡ ಕಾಯ್ದಿರಿಸಿ’ ಅನ್ನುತ್ತದೆ.

ಇಂಥವನ್ನು ಕೊಳ್ಳುವವರಿಗೆ ನನ್ನದೊಂದೆರಡು ಸಲಹೆ. ಮುಖಪುಟದಲ್ಲಿ ಕತ್ತಿ ದೊಡ್ಡದಾದಷ್ಟೂ ಒಳಗೆ ಯುದ್ಧ ಸಪ್ಪೆ. ಊಟದ ಪುಟ ತೆಗೆದು ನೋಡಿ. ಊಟ ಸರಿಯಾಗಿದ್ದರೆ ಉಳಿದದ್ದೂ ಬಹುಪಾಲು ಸರಿಯಿರುತ್ತದೆ. ಒಂದು ಕಾದಂಬರಿಯಲ್ಲಿ ಸೈನಿಕರು ದಾರಿಯಲ್ಲಿ ಕಾಯಿ ಕಿತ್ತು, ಮೂರೇ ದಿನದಲ್ಲಿ ಅದೇ ಕಾಯಿಯ ಒಣಕೊಬ್ಬರಿ ತಿನ್ನುತ್ತಾ ಕೋಟೆ ಹತ್ತುತ್ತಾರೆ. ಅದನ್ನು ಓದಿ ಕೇಳಿಸಿದಾಗ ನಮ್ಮಕ್ಕ, “ಆ ಕೋಟೆ ಅವ್ರಿಗೆ ದಕ್ಕಲ್ಲ ಬುಡು” ಅಂದಳು. ದಕ್ಕಲಿಲ್ಲ.

ಅಕ್ಕ ಎಂದರೆ ನನಗಿಂತ ಬಹಳ ದೊಡ್ಡವಳು, ನಂಜಮ್ಮ. ಭಾವ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಕಣ್ಣು ಮಂಜಾದದ್ದರಿಂದ ಕೊಬ್ಬರಿ ಹರಾಜಿಲ್ಲದ ದಿನ ನಾನೇ ಅವಳಿಗೆ ಓದಿ ಹೇಳುವುದು. ನಾವಿಬ್ಬರೂ ಈಗ ಮುಂಗಡ ಕೊಟ್ಟು ಕಾಯುತ್ತಿರುವುದು ಚಿಕ್ಕನಾಯಕನಹಳ್ಳಿಯ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಬರೆಯುತ್ತಿರುವ ಕಾದಂಬರಿಯ ಮೂರನೇ ಸಂಪುಟಕ್ಕೆ. ಒಬ್ಬ ಸಣ್ಣ ಪಾಳೆಯಗಾರನ ಹೆಂಡತಿಯ ಕತೆ. ಗಂಡ ಯುದ್ಧಕ್ಕೆ ಹೋಗಿ ಸುದ್ದಿಯಿಲ್ಲ. ಕೋಟೆಯ ಸುತ್ತ ಶತ್ರುಗಳು. ಎರಡನೇ ಸಂಪುಟದ ಕೊನೆಯ ಪುಟದಲ್ಲಿ ಕತ್ತಲಲ್ಲಿ ಯಾರೋ ಹಿಂಬಾಗಿಲು ತಟ್ಟುತ್ತಾರೆ. ಗಂಡನದೇ ದನಿ: “ಬಾಗಿಲು ತೆಗೆ.” ಅದು ಗಂಡನೋ, ಅವನ ದನಿ ಕಲಿತ ಶತ್ರುವೋ ತಿಳಿಯದು. ಅವಳು ಚಿಲಕದ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ಮುಗಿಸಿದ್ದಾರೆ ಪುಣ್ಯಾತ್ಮರು.

ಹೀಗಿರುವಾಗ ಅಕ್ಕನಿಗೆ ನಾಲ್ಕು ಹೆಜ್ಜೆ ಇಟ್ಟರೆ ಉಬ್ಬಸ ಬರತೊಡಗಿತು. ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಬೇಕು, ಈ ವಯಸ್ಸಿಗೆ ಅಪಾಯ ಇಲ್ಲ ಅನ್ನಲಾರೆ, ತಡ ಮಾಡಿದರೆ ಇನ್ನೂ ಅಪಾಯ ಎಂದರು ಡಾಕ್ಟರು. ಅಕ್ಕ ಮನೆಗೆ ಬಂದು ಕಾಲು ತೊಳೆದುಕೊಂಡು, “ಆಯಮ್ಮ ಬಾಗ್ಲು ತೆಗೀತಾಳೋ ಇಲ್ವೋ ತಿಳ್ಕಂಡು ಬತ್ತೀನಿ. ಅಲ್ಲೀಗಂಟ ನನ್ನ ಎದೆ ತಂಟೆಗೆ ಬರ್ಬೇಡಿ” ಅಂದಳು. ನನ್ನ ಹೆಂಡತಿ ಹೇಳಿದ್ದಾಯಿತು, ನಾನು ರೇಗಿದ್ದಾಯಿತು. ಜಗ್ಗಲಿಲ್ಲ. ತಿಳಿಯದೆ ಹೋಗಿಬಿಡುತ್ತೇನೆ ಎಂಬ ಹೆದರಿಕೆ ಅದು ಎಂದು ನನಗೆ ಅರ್ಥವಾಗಿತ್ತು. ಅರ್ಥವಾದರೂ ವ್ಯಾಪಾರಸ್ಥನಿಗೆ ತೋಚುವುದು ಒಂದೇ: ಮಾಲು ಎಲ್ಲಿದೆಯೋ ಅಲ್ಲಿಗೆ ಹೋಗುವುದು.

ಮಾರನೆಯ ಬೆಳಿಗ್ಗೆ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದೆ. ಮೇಷ್ಟ್ರು ಜಗುಲಿಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದರು. ವಿಷಯ ಹೇಳಿದೆ. ಅವರ ಮನೆಯವರು ಕಾಫಿ ತಂದು ಅಲ್ಲೇ ನಿಂತರು. ಮೂರನೆಯವರ ಮುಂದೆ ದರ ಆಡುವುದು ನಮ್ಮಪ್ಪ ಕಲಿಸಿದ ಪದ್ಧತಿಯಲ್ಲ. ಅಪ್ಪ ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ, ಮಾರುವವನ ಕೈ ಹಿಡಿದು ಮೇಲೆ ಟವೆಲ್ ಹಾಸಿ, ಒಳಗೊಳಗೇ ಬೆರಳು ಒತ್ತಿ ಬೆಲೆ ಹೇಳುತ್ತಿದ್ದ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದು ಬಿಟ್ಟರೆ ಏನೂ ಕಾಣಿಸುತ್ತಿರಲಿಲ್ಲ. ನಾನೂ ಹೆಗಲ ಮೇಲಿನ ಟವೆಲ್ ತೆಗೆದು ಮೇಷ್ಟ್ರ ಕೈ ಮೇಲೆ ಹಾಸಿದೆ. ಎರಡು ಬೆರಳು ಒತ್ತಿದೆ.

“ಎರಡು ಏನ್ರೀ?” ಅಂದರು.

“ವಾರ.”

ಮೇಷ್ಟ್ರೂ ಈ ಕಡೆಯವರೇ, ಸಂತೆ ಕಂಡವರೇ. ನಗಲಿಲ್ಲ. ನನ್ನ ಬೆರಳುಗಳನ್ನೆಲ್ಲ ಮಡಿಸಿ ಮುಷ್ಟಿ ಮಾಡಿ ನನ್ನ ಕಡೆಗೇ ತಳ್ಳಿದರು. ಮಾರುವುದಿಲ್ಲ ಎಂದು ಅರ್ಥ.

“ಹೋಗ್ಲಿ, ಪುಸ್ತಕ ನಿಧಾನವಾಗೇ ಬರ್ಲಿ. ಕೊನೆ ಒಂದು ಹೇಳಿಬಿಡಿ ಸಾಕು. ಗಂಡನಾ, ಶತ್ರುನಾ?”

“ನಂಗೇ ಗೊತ್ತಿಲ್ಲ ಕಣ್ರೀ” ಎಂದರು. ಅವರ ಮುಖ ನೋಡಿದರೆ ಸುಳ್ಳಿನಂತೆ ಕಾಣಲಿಲ್ಲ. “ಎಂಟು ತಿಂಗಳಿಂದ ಆಯಮ್ಮ ಚಿಲಕದ ಮೇಲೆ ಕೈ ಇಟ್ಕಂಡು ನಿಂತವ್ಳೆ. ನಾನೂ ಪಕ್ಕದಲ್ಲೇ ನಿಂತಿದೀನಿ. ಬಲವಂತವಾಗಿ ತೆಗುಸ್ಬೋದು. ಕೊಬ್ಬರಿ ವ್ಯಾಪಾರದೋರು ನೀವು, ನಿಮಗೆ ನಾನು ಹೇಳ್ಬೇಕಾ?”

ನಾನು ಜನ್ಮವಿಡೀ ಊರಿಗೆ ಹಂಚಿದ ಬುದ್ಧಿಮಾತು ಕಾಫಿಯ ಜೊತೆ ನನಗೇ ವಾಪಸ್ಸು ಬಂದಿತ್ತು. ಕುಡಿದು, ನನ್ನ ಫೋನ್ ನಂಬರು ಕೊಟ್ಟು ಎದ್ದು ಬಂದೆ.

ಬರುವಾಗ ಬಸ್ಸಿನಲ್ಲಿ ಒಂದು ಉಪಾಯ ಮಾಡಿದೆ. ಮಾಲು ಸಿಗದಿದ್ದರೆ ಮಾಲು ತಯಾರಿಸುವುದು. ಮನೆಗೆ ಬಂದಾಗ ಅಕ್ಕ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಮೇಷ್ಟ್ರು ಕೊನೆ ಹೇಳಿದರು ಎಂದು ಶುರು ಮಾಡಿದೆ. ಬಂದವನು ಗಂಡನೇ. ಅವಳು ಬಾಗಿಲು ತೆಗೆದಳು. ಶತ್ರುಗಳು ಓಡಿಹೋದರು. ಇಬ್ಬರೂ ಬಹಳ ಕಾಲ ಬಾಳಿದರು. ಸಾಲದೆಂದು, ಊರಿಗೆ ಒಂದು ಕೆರೆಯನ್ನೂ ಕಟ್ಟಿಸಿದರು.

ಅಕ್ಕನ ಕೈ ನಿಂತಿತು. “ಕೆರೆನೂ ಕಟ್ಟುಸುದ್ರಾ?”

“ಹೂಂ.”

“ತೂಬು ಮಡುಗಿದ್ರಾ?”

“ಮಡುಗಿದ್ರು.”

“ಲೇ ಸಿದ್ದ, ಆ ಕೆರೆ ಕಟ್ಟುಸಿದ್ದು ನೀನು ಕಣ್ಲಾ. ಚಿಕ್ಕನಾಯಕನಹಳ್ಳಿ ಬಸ್ಸಲ್ಲಿ ಕೂತ್ಕಂಡು ಕಟ್ಟುಸಿದೀಯ.”

ಸಿಕ್ಕಿಬಿದ್ದ ವ್ಯಾಪಾರಸ್ಥ ನಾನು, ಅವಳ ಮುಂದಿನ ಅವರೆಕಾಯಿಗೆ ಕೈ ಹಾಕಿದೆ. ಅಕ್ಕ ಬೈಯಲಿಲ್ಲ. ಒಂದಷ್ಟು ಕಾಯಿ ಬಿಡಿಸಿ ಆಮೇಲೆ ಹೇಳಿದಳು: “ಸುಳ್ಳು ಅಂತ ಗೊತ್ತಾಗೋಕೆ ಮುಂಚೆ ಒಂದು ಗಳಿಗೆ ನಂಬಿದ್ದೆ. ಆಗೇನನ್ನುಸ್ತು ಗೊತ್ತಾ? ಇನ್ನೇನೂ ಇಲ್ಲ, ಎಲ್ಲಾ ಮುಗೀತು ಅನ್ನುಸ್ತು. ಅದು ಚೆನ್ನಾಗಿರ್ನಿಲ್ಲ ಕಣ್ಲಾ.”

ನನ್ನ ಕೈ ಎಳೆದುಕೊಂಡು ಮೇಲೆ ಸೆರಗು ಹಾಸಿದಳು. ಅಪ್ಪನ ಮಗಳಲ್ಲವೇ ಅವಳೂ. ಸೆರಗಿನ ಕೆಳಗೆ ನನ್ನ ಒಂದೇ ಒಂದು ಬೆರಳು ಒತ್ತಿದಳು.

“ಒಂದು ಏನಕ್ಕ?”

“ಒಂದೇ ಷರತ್ತು. ತುಮಕೂರಿಗೆ ಬತ್ತೀನಿ, ಕೊಯ್ಕೊಳ್ಳಿ. ಆದ್ರೆ ನಾನು ವಾಪಸ್ ಬರೋಗಂಟ ಆ ಪುಸ್ತಕ ಬರ್ಕೂಡ್ದು. ಕತೆ ಮುಗುಸ್ಕಂಡು ಹೋದ್ರೆ ವಾಪಸ್ ಬರಾಕೆ ನಂಗೇನು ನೆಪ? ಆಯಮ್ಮ ಚಿಲಕ ಹಿಡ್ಕಂಡೇ ನಿಂತಿರ್ಲಿ. ನಾನು ಬಂದು ಕೇಳ್ತೀನಿ.”

ಇಷ್ಟು ವರ್ಷದಲ್ಲಿ ಹರಾಜಿನ ಕಟ್ಟೆಯಲ್ಲಿ ಯಾರೂ ನನ್ನನ್ನು ಇಷ್ಟು ಸಲೀಸಾಗಿ ಒಪ್ಪಿಸಿರಲಿಲ್ಲ. ಬೆರಳು ಒತ್ತಿ ಒಪ್ಪಿಕೊಂಡೆ.

ತಿಂಗಳ ಮೇಲೆ ಆಸ್ಪತ್ರೆಯವರು ದಿನ ಕೊಟ್ಟರು. ಬರುವ ಸೋಮವಾರ ಹೊರಡಬೇಕು. ಬ್ಯಾಗು ತುಂಬಿಸಿಟ್ಟಿದ್ದಾಳೆ. ತನಗೆ ಓದಲಾಗದಿದ್ದರೂ ಎರಡನೇ ಸಂಪುಟವನ್ನು ಸೀರೆಗಳ ನಡುವೆ ಇಟ್ಟಿದ್ದಾಳೆ. ನಿನ್ನೆ ಕೊಬ್ಬರಿ ಮಂಡಿಯಲ್ಲಿ ಕೂತಿದ್ದಾಗ ಮೇಷ್ಟ್ರ ಫೋನು ಬಂತು.

“ಮುಗೀತು ಕಣ್ರೀ. ಅವತ್ತು ನೀವು ಹೋದ್ಮೇಲೆ ಏನಾಯ್ತೋ ಏನೋ, ಕೂತೋನು ಎದ್ದಿಲ್ಲ. ನಾಳೆ ಅಚ್ಚಿಗೆ ಕೊಡ್ತೀನಿ. ನಿಮ್ಮಕ್ಕಂಗೆ ಹೇಳಿ, ಬಾಗ್ಲು...”

“ಹೇಳ್ಬೇಡಿ” ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಷರತ್ತಿನ ಸಂಗತಿ ತಿಳಿಸಿ, ದಯಮಾಡಿ ಅಚ್ಚಿಗೆ ಕೊಡಬೇಡಿ ಎಂದು ಕೇಳಿಕೊಂಡೆ. ಮುಂಗಡ ಕೊಟ್ಟು, ಮಾಲು ಕೊಡಬೇಡಿ ಎಂದು ಬೇಡಿಕೊಂಡ ವ್ಯಾಪಾರಸ್ಥ ತಿಪಟೂರಿನಲ್ಲಿ ನನಗಿಂತ ಮುಂಚೆ ಯಾರಾದರೂ ಇದ್ದರೋ ಕಾಣೆ.

“ಎಷ್ಟು ದಿನ ತಡೀಬೇಕು?” ಎಂದು ಕೇಳಿದರು.

“ಗೊತ್ತಿಲ್ಲ ಮೇಷ್ಟ್ರೇ. ಅಕ್ಕ ಮನೆಗೆ ಬರೋಗಂಟ.”

ಆ ಕಡೆ ಕಾಗದಗಳನ್ನು ಜೋಡಿಸಿ ಕಟ್ಟುವ ಸದ್ದು ಕೇಳಿಸಿತು. ಆಮೇಲೆ, “ಆಗ್ಲಿ, ಅಟ್ಟದ ಮೇಲೆ ಇರ್ಲಿ ಬುಡಿ” ಅಂದರು. ಫೋನು ಇಡುವ ಮುಂಚೆ ನನ್ನನ್ನು ನಗಿಸಲೆಂದೋ ಏನೋ, “ಅಲ್ರೀ, ಇಷ್ಟು ದೊಡ್ಡ ವ್ಯಾಪಾರನ ಟವೆಲ್ಲೇ ಇಲ್ದೆ ಮುಗಿಸ್ಬಿಟ್ರಲ್ಲ” ಎಂದರು.

ಟವೆಲ್ ಕೈಯಲ್ಲೇ ಇತ್ತು. ಕಣ್ಣಿನ ಹತ್ತಿರ ಬೇರೆ ಕೆಲಸದಲ್ಲಿತ್ತು.