ಐವತ್ತು ನಂಬರಿನ ಎಣ್ಣೆ

ತನ್ನ ಕಸುಬನ್ನು ಚೆನ್ನಾಗಿ ಬಲ್ಲವನು ಬೇರೆಯವರ ಕಸುಬಿನಲ್ಲಿ ಶುದ್ಧ ಪೆದ್ದನಾಗುತ್ತಾನೆ. ಏನೂ ಬಾರದವನು ಪಾಪ, ಕೇಳಿಯಾದರೂ ತಿಳಿದುಕೊಳ್ಳುತ್ತಾನೆ. ನನಗೆ ಆ ಭಾಗ್ಯವಿಲ್ಲ. ಕೊಪ್ಪಳದಲ್ಲಿ ನಮ್ಮದು ನೂಲಿನ ಅಂಗಡಿ. ಕಣ್ಣು ಮುಚ್ಚಿ ಎಳೆ ಮುಟ್ಟಿ, ಇದು ಇಪ್ಪತ್ತು ನಂಬರು, ಇದು ಅರವತ್ತು ಎಂದು ಹೇಳಬಲ್ಲೆ. ನಂಬರು ಏರಿದಷ್ಟೂ ನೂಲು ತೆಳು. ಇದನ್ನು ತೊಟ್ಟಿಲಲ್ಲೇ ಕಲಿತವನು ನಾನು.

ಇಂಥ ನಾನು, ನೇಕಾರರಿಗೆ ಮಾಲು ಮುಟ್ಟಿಸಲೆಂದು, ಹಿಂದೆ ತೆರೆದ ಪೆಟ್ಟಿಗೆಯಿದ್ದ ಹಳೆಯ ಪೆಟ್ರೋಲ್ ಮೋಟಾರೊಂದನ್ನು ಕೊಂಡೆ. ಆಗ ಊರಲ್ಲಿ ತಹಶೀಲ್ದಾರರ ಕಾರು ಬಿಟ್ಟರೆ ಹೊಗೆ ಉಗುಳುವ ಗೌರವ ನನ್ನದೇ. ನನ್ನ ಹೆಂಡತಿ ಶಾಂತವ್ವನಂತೂ ಇರಕಲ್ಲಗಡದ ತವರಿಗೆ ಹೇಳಿ ಕಳಿಸಿಯೇಬಿಟ್ಟಳು: "ತಂಗಿ ಮದಿವಿಗೆ ನಾ ಮೋಟಾರಿನಾಗ ಬರ್ತೀನಿ, ಮಂದೀನೆಲ್ಲಾ ನಿಂದರಸ್ರಿ." ನಾನೂ ಮೀಸೆ ತಿರುವಿದೆ.

ಮೋಟಾರು ಮಾರಿದವರು ಒಂದೇ ಮಾತು ಹೇಳಿದ್ದರು: "ಚಳಿ ಭಾಳ ಐತ್ರಿ ಸಾವಕಾರ್ರ, ಇಂಜಿನ್ನಿಗೆ ತೆಳ್ಳನ ಎಣ್ಣಿ ಹಾಕ್ರಿ. ದಪ್ಪಂದು ಹಾಕಿದ್ರ ಮುಂಜಾನಿ ಚಾಲೂ ಮಾಡೂ ಹ್ಯಾಂಡಲ್ ತಿರಗಂಗಿಲ್ಲ." ಮದುವೆಯ ಹಿಂದಿನ ದಿನ ಗಂಗಾವತಿಯ ಅಂಗಡಿಗೆ ಹೋದೆ. ನೋಡಿದರೆ ಡಬ್ಬಿಗಳ ಮೇಲೆಲ್ಲ ನಂಬರು! ನೆಂಟರ ಮನೆಗೆ ಬಂದಷ್ಟು ಖುಷಿಯಾಯಿತು. "ಐವತ್ತು ನಂಬರಿಂದು ಕೊಡ್ರಿ" ಎಂದೆ.

"ಚಳಿಗೆ ಇಪ್ಪತ್ತು ಒಯ್ರಿ ಸಾವಕಾರ್ರ" ಎಂದ ಅಂಗಡಿಯವನು.

"ಇಪ್ಪತ್ತಂದ್ರ ಒರಟು ಮಾಲು. ನನಗ ನಂಬರು ಕಲಿಸಾಕ ಬರಬ್ಯಾಡ್ರಿ!" ಎಂದು ಗದರಿ ಐವತ್ತನ್ನೇ ತಂದೆ. ಹಳೆಯ ಎಣ್ಣೆ ತೆಗೆದು ಹೊಸದನ್ನು ಸುರಿದರೆ ಬೆಲ್ಲದ ಪಾಕದಂತೆ ಇಳಿಯಿತು. ಎಣ್ಣೆಯ ಲೋಕದಲ್ಲಿ ನಂಬರು ಏರಿದಷ್ಟೂ ದಪ್ಪ ಎಂಬ ತಲೆಕೆಳಗಿನ ನ್ಯಾಯ ನನಗೇನು ಗೊತ್ತು? ಉತ್ತಮ ಮಾಲು ಹೀಗೇ ಇರುತ್ತದೆ ಎಂದುಕೊಂಡೆ.

ಮದುವೆಯ ಬೆಳಗು ಶಾಂತವ್ವ ಹೊಸ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಳು. ನಾನು ಮೋಟಾರಿನ ಮೂತಿಗಿದ್ದ ಹ್ಯಾಂಡಲ್ ಹಿಡಿದೆ. ಅಲುಗಲಿಲ್ಲ. ಎರಡೂ ಕೈಯಿಂದ ಜಗ್ಗಿದೆ, ಜೋತುಬಿದ್ದೆ, ಕೊನೆಗೆ ಅದರ ಮೇಲೆ ಹತ್ತಿಯೇ ನಿಂತೆ. ಪುಣ್ಯಾತ್ಮ ಹ್ಯಾಂಡಲ್ಲು ನನ್ನನ್ನು ಹೊತ್ತುಕೊಂಡು ಹಾಗೇ ನಿಂತಿತು. ಓಣಿಯವರು ಹೊಟ್ಟೆ ಹಿಡಿದು ನಕ್ಕರು. ಶಾಂತವ್ವನ ಕಣ್ಣಲ್ಲಿ ಮಾತ್ರ ನೀರು. "ಅಕ್ಕಿಕಾಳು ಬೀಳೂದ್ರಾಗ ನಾ ಅಲ್ಲಿರಬೇಕ್ರಿ" ಎಂದವಳೇ ಇಳಿದು, ಆ ಕಡೆ ಹೊರಟಿದ್ದ ನೇಕಾರರ ಎತ್ತಿನ ಚಕ್ಕಡಿ ಹತ್ತಿಬಿಟ್ಟಳು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಬಿಸಿಲೇರಿದ ಮೇಲೆ ಎಣ್ಣೆಗೆ ಕರುಣೆ ಬಂತು. ಹ್ಯಾಂಡಲ್ ತಿರುಗಿತು, ಇಂಜಿನ್ನು ಗುಡುಗಿತು. ಹುಚ್ಚೆದ್ದು ಓಡಿಸಿದೆ! ಇರಕಲ್ಲಗಡ ಕಾಣುವಷ್ಟರಲ್ಲಿ ಚಕ್ಕಡಿ ಸಿಕ್ಕಿತು. "ಏ, ಇಳೀ! ಮೋಟಾರು ಚಾಲೂ ಆಗೈತಿ!" ಎಂದು ಕೂಗಿದೆ.

ಅವಳು ಹೊರಳಿ ನೋಡಿ, "ನಾ ಇಳದು ಹತ್ತೂದ್ರಾಗ ಅದು ನಿಂತ್ರ? ಹಂಗ ಹಿಂದ ಬರ್ರಿ" ಎಂದಳು. ಹಾದಿ ಕಿರಿದು, ದಾಟಿ ಮುಂದೆ ಹೋಗುವಂತೆಯೂ ಇಲ್ಲ. ಚಕ್ಕಡಿಯ ಧೂಳು ತಿನ್ನುತ್ತ ಊರು ಹೊಕ್ಕೆ.

ಚಪ್ಪರದ ಮುಂದೆ ಮಾವನವರು ಮಂದಿ ಕೂಡಿಸಿಕೊಂಡು ನಿಂತಿದ್ದರು. ಮುಂದೆ ಚಕ್ಕಡಿ, ಹಿಂದೆ ಮೋಟಾರು ಕಂಡು ಕಕ್ಕಾಬಿಕ್ಕಿಯಾದರು. "ಇದೇನವ್ವ, ಮೋಟಾರಿದ್ದೂ ಚಕ್ಕಡ್ಯಾಗ ಬಂದಿ?"

ಶಾಂತವ್ವ ಸೆರಗು ಸರಿಮಾಡಿಕೊಂಡಳು. "ಹಾದ್ಯಾಗ ಎತ್ತಿಗೆ ಸುಸ್ತಾದ್ರ ಇರ್ಲಿ ಅಂತ ಮೋಟಾರು ತಂದೀವಪ್ಪ."

ಎಲ್ಲರೂ ಹೌದೌದೆಂದು ತಲೆದೂಗಿದರು. ಅಳಿಯನ ಮುಂದಾಲೋಚನೆಯನ್ನು ಮಾವನವರು ಬಾಯ್ತುಂಬ ಹೊಗಳಿದರು. ಒಳಗೆ ಅಕ್ಕಿಕಾಳು ಬೀಳುತ್ತಿದ್ದಾಗಲೂ ನಾನು, ಇಂಜಿನ್ನು ನಿಂತೀತೆಂಬ ಭಯದಿಂದ ಸೀಟು ಬಿಟ್ಟಿಳಿಯದೆ, ಆ ಹೊಗಳಿಕೆಯನ್ನೆಲ್ಲ ಬಿಂಕದಿಂದ ಸ್ವೀಕರಿಸುತ್ತ ಕೂತಿದ್ದೆ.